ಘಟಪ್ರಭೆಯ ದಂಡೆಯಲ್ಲಿ ಕಿರಾಣಿ ಅಂಗಡಿ: ನೆರೆಗೆ ನಾವು ಸಿದ್ಧರಾಗುವ ಬಗೆ

ಗೋಕಾಕದಲ್ಲಿ ನದಿಗೆ ಹತ್ತಿರದ ಓಣಿಯೊಂದರಲ್ಲಿ ನಮ್ಮ ಕಿರಾಣಿ ಅಂಗಡಿ ಇದೆ, ಅದಕ್ಕೆ ಹೊಂದಿಕೊಂಡೇ ಹಿಟ್ಟಿನ ಗಿರಣಿಯೂ ಇದೆ. ವರ್ಷದಲ್ಲಿ ಅಂಗಡಿ ತುಂಬ ಸರಕು ಇರುವ ಕಾಲ ಮತ್ತು ಘಟಪ್ರಭೆ ತುಂಬಿ ಬರುವ ಕಾಲ ಎರಡೂ ಒಂದೇ ಆಗಿರುವುದು ನಮ್ಮ ವ್ಯಾಪಾರದ ದೊಡ್ಡ ಇಕ್ಕಟ್ಟು. ಪಂಚಮಿ ಉಂಡಿಗೆ ಬೇಕಾಗುವ ಬೆಲ್ಲ, ಶೇಂಗಾ, ಎಳ್ಳು, ಪುಟಾಣಿ, ಕರದಂಟಿಗೆ ಬೇಕಾಗುವ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಇವೆಲ್ಲವನ್ನೂ ಆಷಾಢದಲ್ಲಿಯೇ ತರಿಸಿಕೊಳ್ಳುವುದು ಮೊದಲಿನಿಂದ ಬಂದ ರೂಢಿ. 2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ರಂದು ಇತ್ತು. ಅದೇ ವಾರ ನದಿ ಊರೊಳಗೆ ನುಗ್ಗಿತು. ಸರ್ಕಾರದ ಪರಿಹಾರ ಮುಖ್ಯವಾಗಿ ಮನೆ, ಬೆಳೆ, ಜಾನುವಾರುಗಳ ನಷ್ಟವನ್ನು ನೋಡುತ್ತದೆಯೇ ಹೊರತು ಅಂಗಡಿಯ ಸರಕಿಗೆ ಅದರಲ್ಲಿ ಹೆಚ್ಚಿನ ಜಾಗವಿಲ್ಲ. ಆ ನೆರೆಯ ನಂತರ ನಾವು ಒಂದೊಂದಾಗಿ ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾವು ಕಲಿತದ್ದು ನೀರು ಎಲ್ಲಿಂದ ಬರುತ್ತದೆ ಎಂಬುದನ್ನು. ಊರಿನ ಮೇಲ್ಗಡೆ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಹಿಡಕಲ್ ಜಲಾಶಯದ ಗರಿಷ್ಠ ಮಟ್ಟ 2175 ಅಡಿ, ಸಂಗ್ರಹ 51 ಟಿಎಂಸಿ. ಜಲಾಶಯ ಅರ್ಧ ಖಾಲಿ ಇರುವಾಗ ಘಟ್ಟದ ಮೇಲೆ ಜೋರು ಮಳೆಯಾದರೂ ಬಹುಮಟ್ಟಿಗೆ ಅದು ನುಂಗಿಕೊಳ್ಳುತ್ತದೆ. ಅದೇ ಮಳೆ ಜಲಾಶಯ ತುಂಬುತ್ತ ಬಂದ ಮೇಲೆ ಸುರಿದರೆ ಬಂದಷ್ಟು ನೀರನ್ನು ಕೆಳಗೆ ಬಿಡಲೇಬೇಕಾಗುತ್ತದೆ. ಆದರೆ ಅಣೆಕಟ್ಟೆಯ ಗೇಟಿನ ಮೇಲೆ ಮಾತ್ರ ಕಣ್ಣಿಟ್ಟರೆ ಸಾಲದು, ಏಕೆಂದರೆ ಹಿಡಕಲ್ ದಾಟಿದ ಮೇಲೆ ಹಿರಣ್ಯಕೇಶಿಯೂ, ಗೋಕಾಕದ ಹತ್ತಿರ ಮಾರ್ಕಂಡೇಯವೂ ಬಂದು ಕೂಡುತ್ತವೆ. ಆದ್ದರಿಂದ ಜುಲೈ ಬಂತೆಂದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಲಾಶಯ ಮಟ್ಟದ ದೈನಿಕ ವರದಿಯನ್ನು ಬೆಳಿಗ್ಗೆ ನೋಡುತ್ತೇನೆ. ಅದರ ಜೊತೆಗೆ ಹಿರಣ್ಯಕೇಶಿಯ ದಂಡೆಯ ಮೇಲಿರುವ ಸಂಕೇಶ್ವರದ ಸೋದರಮಾವನಿಗೆ ಫೋನ್ ಮಾಡಿ ಅಲ್ಲಿನ ಹೊಳೆ ಹೇಗಿದೆ ಎಂದು ಕೇಳುತ್ತೇನೆ. ಮಾವ “ಇಲ್ಲಿ ಏರಾಕತ್ತೈತಿ ನೋಡಪಾ” ಎಂದರೆ ನಾವು ಊರ ಹತ್ತಿರ ಘಟಪ್ರಭೆಯ ಮೇಲಿರುವ ಲೋಳಸೂರ ಸೇತುವೆ ಮುಳುಗುವವರೆಗೆ ಕಾಯುವುದಿಲ್ಲ. ಸೇತುವೆಯ ಮೇಲೆ ನೀರು ಬಂದ ಮೇಲೆ ಆ ಕಡೆಯಿಂದ ಬಾಡಿಗೆಯ ಟೆಂಪೊಗಳು ಬರುವುದಿಲ್ಲ.

ಸರಕನ್ನು ಎತ್ತಿ ಎತ್ತರದ ಗೋದಾಮಿಗೆ ಸಾಗಿಸುವ ಸರದಿಯನ್ನು ಬರೆದು ಗಲ್ಲೆಯ ಹಿಂದಿನ ಗೋಡೆಗೆ ಅಂಟಿಸಿದ್ದೇವೆ. ಗೋಡೆಯ ಮೇಲೆ 2019ರ ನೀರು ನಿಂತ ಮಟ್ಟಕ್ಕೆ ಕೆಂಪು ಬಣ್ಣದ ಗೆರೆ ಎಳೆದಿದೆ. ಆ ಗೆರೆಯ ಕೆಳಗಿರುವುದೆಲ್ಲ ಹೋಗಬಹುದಾದ ಸರಕು ಎಂದೇ ನಮ್ಮ ಲೆಕ್ಕ. ಮೊದಲ ಸರದಿ ಗೋಡಂಬಿ, ಬಾದಾಮಿ, ಅಂಟು, ಯಾಲಕ್ಕಿಗಳದು, ಏಕೆಂದರೆ ಅವು ತೂಕದಲ್ಲಿ ಹಗುರ, ಬೆಲೆಯಲ್ಲಿ ಭಾರ. ಎರಡನೆಯದು ಬೆಲ್ಲದ್ದು. ಉಪ್ಪಿನ ಚೀಲಗಳು ಬಾಗಿಲಿಗೆ ಹತ್ತಿರ ಇವೆಯೆಂದು ಅವುಗಳಿಗೆ ಕೈಹಾಕಿದಾಗ ನಮ್ಮ ಹಿರಿಯ ಹಮಾಲರೊಬ್ಬರು, “ಸಾವ್ಕಾರ್ರ, ಉಪ್ಪು ಇರ್ಲಿ ಬಿಡ್ರಿ, ಬೆಲ್ಲ ಎತ್ತೂಣು. ಬೆಲ್ಲ ನೀರು ಕುಡೀತಂದ್ರ ಚೀಲ ಅಷ್ಟ ಉಳೀತೈತಿ” ಎಂದಿದ್ದರು. ಆ ಮಾತು ಈಗ ಪಟ್ಟಿಯ ಭಾಗವಾಗಿದೆ. ಸಕ್ಕರೆ, ಅಕ್ಕಿ, ಬೇಳೆಗಳು ಆಮೇಲೆ. ಇವುಗಳ ವಿಷಯದಲ್ಲಿ ಗಮನಿಸಬೇಕಾದುದೊಂದಿದೆ: ಒಂದರ ಮೇಲೊಂದು ಪೇರಿಸಿದ ನಿಟ್ಟಿನ ತಳದ ಚೀಲ ನೀರಿಗೆ ತಾಗಿದರೆ ಗೋಣಿ ಆ ತೇವವನ್ನು ಮೇಲಕ್ಕೆ ಎಳೆಯುತ್ತ ಹೋಗುತ್ತದೆ, ಗೋಡೆಯ ಮೇಲೆ ನೀರಿನ ಗುರುತು ಮೊಣಕಾಲಿನಷ್ಟಿದ್ದರೂ ನಿಟ್ಟಿನಲ್ಲಿ ಹಾಳಾದ ಚೀಲಗಳು ಅದಕ್ಕಿಂತ ಮೇಲೆಯೂ ಇರುತ್ತವೆ. ಆದ್ದರಿಂದ ಮಳೆಗಾಲ ಮುಗಿಯುವವರೆಗೆ ತಳದಲ್ಲಿ ಬೆಲೆ ಕಡಿಮೆಯ ಉಪ್ಪನ್ನೇ ಹಾಕುತ್ತೇವೆ. ಪ್ಲೈವುಡ್ ಕಪಾಟುಗಳನ್ನು ತೆಗೆಸಿ ಕಬ್ಬಿಣದ ಆ್ಯಂಗಲ್‌ಗಳ ಮೇಲೆ ಶಹಾಬಾದ್ ಕಲ್ಲು ಕೂರಿಸಿದ್ದೇವೆ. ಮುಳುಗಿದರೂ ತೊಳೆದು ಮತ್ತೆ ಬಳಸಬಹುದು.

ಪಂಚಮಿಯ ಸರಕನ್ನು ಒಮ್ಮೆಲೇ ತರಿಸುವುದನ್ನೂ ಬಿಟ್ಟಿದ್ದೇವೆ. ಸಗಟು ವ್ಯಾಪಾರಿಯ ಹತ್ತಿರ ದರ ಮಾತಾಡಿ, ಮುಂಗಡ ಕೊಟ್ಟು, ಮಾಲನ್ನು ಅವರ ಗೋದಾಮಿನಲ್ಲಿಯೇ ಇರಿಸಿ ಕಂತುಗಳಲ್ಲಿ ತರುತ್ತೇವೆ. ಸಾಗಣೆಯ ಖರ್ಚು ಹೆಚ್ಚಾಗುತ್ತದೆ ನಿಜ, ಆದರೆ ಉಳಿದ ಎಲ್ಲ ಕ್ರಮಗಳಿಗಿಂತ ಇದೇ ನಮ್ಮ ಅಪಾಯವನ್ನು ಹೆಚ್ಚು ತಗ್ಗಿಸಿದೆ ಎಂದು ನನಗೆ ಅನಿಸುತ್ತದೆ. ಬಾಗಿಲಿಗೆ ಮರಳಿನ ಚೀಲ ಒಡ್ಡುವುದರಿಂದ ನಮ್ಮ ಓಣಿಯಲ್ಲಿ ಅಷ್ಟು ಪ್ರಯೋಜನವಿಲ್ಲ, ಏಕೆಂದರೆ ನೀರು ಮೊದಲು ಗಟಾರದಿಂದ ಮೇಲೆ ಉಕ್ಕುತ್ತದೆ. ಶೌಚಾಲಯದ ಕೊಳವೆಯ ಬಾಯಿಗೆ ಒಂದು ಮರಳಿನ ಚೀಲ ಒತ್ತಿಡುವುದು ಮಾತ್ರ ನಿಜಕ್ಕೂ ಉಪಯೋಗಕ್ಕೆ ಬಂದಿದೆ.

ಗಿರಣಿಯ ಮೋಟಾರು ಬೇರೆಯದೇ ಕೆಲಸ ಕೇಳುತ್ತದೆ. ಕೆಸರು ನೀರು ಹೊಕ್ಕ ಮೋಟಾರನ್ನು ಹಲವು ಸಲ ರಿವೈಂಡಿಂಗ್ ಮಾಡಿಸಬೇಕಾಗುತ್ತದೆ, ಮತ್ತು ನೆರೆ ಇಳಿದ ಮೇಲೆ ಊರಿನ ಎಲ್ಲ ಗಿರಣಿಗಳವರೂ ಅದೇ ಅಂಗಡಿಯ ಮುಂದೆ ನಿಂತಿರುತ್ತಾರೆ. ಛಾವಣಿಯ ಕಬ್ಬಿಣದ ತೊಲೆಗೆ ಕೊಕ್ಕೆ ಹಾಕಿಸಿ ಚೈನ್ ಪುಲ್ಲಿ ತೂಗುಹಾಕಿದ್ದೇವೆ. ಮೇ ತಿಂಗಳಲ್ಲಿ ಬುನಾದಿಯ ಬೋಲ್ಟುಗಳನ್ನು ಬಿಚ್ಚಿ, ಗ್ರೀಸ್ ಹಚ್ಚಿ, ಮತ್ತೆ ಬಿಗಿಯುತ್ತೇವೆ. ತುಕ್ಕು ಹಿಡಿದ ಬೋಲ್ಟ್ ಒಂದಿದ್ದರೂ ಆ ಹೊತ್ತಿನಲ್ಲಿ ಮೋಟಾರು ಮೇಲೇಳುವುದಿಲ್ಲ. ಮೀಟರ್ ಬೋರ್ಡನ್ನು ಹೆಸ್ಕಾಂ ಅನುಮತಿ ಪಡೆದು, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಕೆಂಪು ಗೆರೆಗಿಂತ ಮೇಲಕ್ಕೆ ಏರಿಸಿದ್ದೇವೆ. ಬೀದಿಯಲ್ಲಿ ನೀರು ಕಾಣುವ ಮೊದಲೇ ಮೇನ್ ಆಫ್ ಆಗಬೇಕು. ಅದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೊಣೆ.

ಈ ಎಲ್ಲ ಕೆಲಸಕ್ಕೆ ಬೇಕಾಗುವ ಕೈಗಳು ನಮ್ಮ ಹಮಾಲರವು, ಮತ್ತು ಅವರ ಮನೆಗಳು ನಮ್ಮ ಅಂಗಡಿಗಿಂತ ತಗ್ಗಿನಲ್ಲಿವೆ. ಅವರ ಮನೆಯ ಪಾತ್ರೆ, ಹಾಸಿಗೆ, ಮಕ್ಕಳ ಪುಸ್ತಕಗಳು ತೋಯುತ್ತಿರುವಾಗ ಅವರನ್ನು ನನ್ನ ಗೋಡಂಬಿ ಹೊರಲು ನಿಲ್ಲಿಸಿಕೊಳ್ಳುವ ಹಕ್ಕು ನನಗಿಲ್ಲ. ಆದ್ದರಿಂದ ಸಂಕೇಶ್ವರದ ಸುದ್ದಿ ಬಂದ ಕೂಡಲೇ, ಬಿಸಿಲಿದ್ದರೂ ಸರಿ, ಕೆಲಸ ಆರಂಭಿಸುತ್ತೇವೆ. ಅಂಗಡಿಯ ಕೊನೆಯ ಖೇಪಿನ ನಂತರ ಅದೇ ಟೆಂಪೊ ಅವರ ಮನೆಗಳಿಗೆ ಹೋಗುತ್ತದೆ. ಅದರ ಬಾಡಿಗೆ ಅಂಗಡಿಯದೇ. ನೀರು ಬರದೆ ಹೋದರೂ ಆ ದಿನದ ಕೂಲಿ ಪೂರ್ತಿ ಕೊಡುತ್ತೇವೆ.

ಉದ್ರಿ ಪುಸ್ತಕದ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮಂಥ ಅಂಗಡಿಯ ಬಂಡವಾಳದ ದೊಡ್ಡ ಪಾಲು ಆ ಪುಟಗಳಲ್ಲಿರುತ್ತದೆ. ಶಾಯಿ ಕಲಸಿಹೋದರೆ ಕೊಡಬೇಕಾದವರ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ. ಅಂಗಡಿ ಮುಚ್ಚುವ ಮೊದಲು ಆ ದಿನದ ಪುಟಗಳ ಫೋಟೊ ತೆಗೆದು ಬೆಂಗಳೂರಿನಲ್ಲಿರುವ ಮಗಳಿಗೆ ಕಳಿಸುತ್ತೇನೆ.

ವಿಮೆಯ ವಿಷಯದಲ್ಲಿ, 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿಯನ್ನು ಪಡೆದಿದ್ದೇವೆ. 5 ಕೋಟಿ ರೂಪಾಯಿವರೆಗಿನ ಮೌಲ್ಯದ ಉದ್ದಿಮೆಗಳಿಗೆ ಇದು ದೊರೆಯುತ್ತದೆ, ನೆರೆಯೂ ಇದರಲ್ಲಿ ಸೇರಿದೆ. ವಿಮೆಯ ಮೊತ್ತವನ್ನು ವರ್ಷದ ಸರಾಸರಿ ಸರಕಿನ ಮೇಲೆ ಹೇಳದೆ ಶ್ರಾವಣದ ಸರಕಿನ ಮೇಲೆ ಹೇಳಬೇಕು. 10 ಲಕ್ಷದ ಸರಕಿಗೆ 5 ಲಕ್ಷದ ವಿಮೆ ಇದ್ದು 4 ಲಕ್ಷ ನಷ್ಟವಾದರೆ, ಅರ್ಧ ಸರಕಿಗಷ್ಟೇ ವಿಮೆ ಇರುವುದರಿಂದ ಕೈಗೆ ಬರುವುದು ನಷ್ಟದ ಅರ್ಧ, ಸುಮಾರು 2 ಲಕ್ಷ ಮಾತ್ರ. ಈ ಪಾಲಿಸಿ ವಿಮೆಯ ಮೊತ್ತದಲ್ಲಿ ಶೇ. 15ರವರೆಗಿನ ಕೊರತೆಯನ್ನು ಮನ್ನಿಸುತ್ತದೆ, ಅದಕ್ಕಿಂತ ಹೆಚ್ಚಿನದನ್ನಲ್ಲ. ರಕ್ಷಣೆ ಮುಖ್ಯವಾಗಿ ಪಾಲಿಸಿಯಲ್ಲಿ ನಮೂದಿಸಿದ ಜಾಗಕ್ಕೆ ಕಟ್ಟಿದ್ದಾದ್ದರಿಂದ ನಾವು ಸರಕು ಸಾಗಿಸುವ ಎತ್ತರದ ಗೋದಾಮಿನ ವಿಳಾಸವನ್ನೂ ಸೇರಿಸಿದ್ದೇವೆ.

ನೀರು ಇಳಿದ ಮೇಲೆ ಕಸಬರಿಗೆ ಹಿಡಿಯುವ ಮೊದಲು ಫೋಟೊ ತೆಗೆಯಬೇಕು, ವಿಮಾ ಕಂಪನಿಗೆ ತಿಳಿಸಬೇಕು, ಪಂಚನಾಮೆಯ ಪ್ರತಿ ಪಡೆಯಬೇಕು. ನೆರೆಯ ನೀರು ತಾಗಿದ ಧಾನ್ಯ, ಹಿಟ್ಟು, ಬೇಳೆಗಳನ್ನು ಒಣಗಿಸಿ ಮಾರುವ ಯೋಚನೆಯನ್ನೇ ಮಾಡಬಾರದು. ಅದು ಗಟಾರದ ನೀರು, ಅದನ್ನು ತಿನ್ನುವವರು ನಮ್ಮನ್ನು ನಂಬಿ ಬಂದವರು. ನಾಶವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು, ಅಂದರೆ ಸರಕು ಕೊಳ್ಳುವಾಗ ಕೊಟ್ಟ ತೆರಿಗೆಗೆ ಸಿಕ್ಕ ವಜಾವನ್ನು, ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಹಿಂದಿರುಗಿಸಬೇಕಾಗುವುದರಿಂದ, ಎಸೆಯುವ ಪ್ರತಿಯೊಂದು ಚೀಲವನ್ನೂ ಬಿಲ್ಲಿನೊಂದಿಗೆ ತಾಳೆ ನೋಡಿ ಬರೆದಿಡುತ್ತೇವೆ. ಗೋಡೆ, ನೆಲಗಳನ್ನು ಬ್ಲೀಚಿಂಗ್ ಪೌಡರಿನಿಂದ ತೊಳೆದು, ವೈರಿಂಗ್ ಪೂರ್ತಿ ಒಣಗಿದ ನಂತರ ಎಲೆಕ್ಟ್ರಿಷಿಯನ್ ಮೆಗ್ಗರ್ (ವೈರುಗಳ ನಿರೋಧನ ಸರಿಯಿದೆಯೇ ಎಂದು ನೋಡುವ ಉಪಕರಣ) ಹಚ್ಚಿ ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ, ಗಿರಾಕಿಗಳು ಜೋಳದ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರೂ ಗಿರಣಿಯ ಸ್ವಿಚ್ ಹಾಕುವುದಿಲ್ಲ.