ಊರಿನ ಹಿತ್ತಲ ಮರ ಇಳಿಸುವುದು: ಹೊರದೇಶಕ್ಕೆ ಹೊಸದಾಗಿ ಬಂದ ಹಾಸನ, ಚಿಕ್ಕಮಗಳೂರಿನವರಿಗೆ

ಇಲ್ಲಿಗೆ ಬಂದ ಮೊದಲ ಮಳೆಗಾಲದಲ್ಲೇ ಊರಿಂದ ಫೋನ್ ಬರುತ್ತದೆ: "ಹಿತ್ತಲ ಸಿಲ್ವರ್ ಓಕು ಮನೆ ಕಡೆಗೇ ತೂಗ್ತಾ ಇದೆ ಕಣೋ, ಏನಾದ್ರೂ ಮಾಡು." ಮೂವತ್ತು-ನಲವತ್ತರ ಸೈಟು, ಅರವತ್ತು ಅಡಿ ಮರ, ಒಂದು ಕಡೆ ಹೆಂಚಿನ ಮಾಡು, ಇನ್ನೊಂದು ಕಡೆ ಪಕ್ಕದವರ ಕಾಂಪೌಂಡು. ಜೂನ್‌ನಲ್ಲಿ ತೊಗಟೆ ಪಾಚಿಗಟ್ಟಿ ಜಾರುತ್ತದೆ, ಆಗ ಯಾರನ್ನೂ ಹತ್ತಿಸಬೇಡಿ. ಇದು ಜನವರಿಯಿಂದ ಮಾರ್ಚ್‌ವರೆಗಿನ ಕೆಲಸ.

ಮೊದಲು ಕಾಗದಪತ್ರ. ಸ್ವಂತ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಅರ್ಜಿ ಅರಣ್ಯ ಇಲಾಖೆಗೆ. ಸಿಲ್ವರ್ ಓಕ್, ನೀಲಗಿರಿ, ತೆಂಗಿಗೆ ವಿನಾಯಿತಿ ಇದೆ, ಬೀಟೆ, ತೇಗಕ್ಕೆ ಇಲ್ಲ. ಖಾತೆ ಅಪ್ಪನ ಹೆಸರಲ್ಲಿದ್ದರೆ ಅವರ ಸಹಿ ಸಾಕು. ನಿಮ್ಮ ಹೆಸರಲ್ಲಿದ್ದರೆ ಅಧಿಕಾರ ಪತ್ರವನ್ನು (ಪವರ್ ಆಫ್ ಅಟಾರ್ನಿ) ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ; ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ಕರೆಂಟಿನ ತಂತಿ ಹತ್ತಿರವಿದ್ದರೆ ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಲ್ಲಿ ಮೆಸ್ಕಾಂ ಕಚೇರಿಗೆ ಬರೆದುಕೊಟ್ಟು ಆ ದಿನ ಲೈನ್ ಆಫ್ ಮಾಡಿಸಿ.

ಇನ್ನು ಆಳು. ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಮಾಡುವವರು ಹತ್ತುವುದರಲ್ಲಿ ನಿಸ್ಸೀಮರು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೋಟದಲ್ಲಿ ಕೊಂಬೆ ಬಿದ್ದಲ್ಲಿ ಬಿತ್ತು. ಪೇಟೆಯ ಸೈಟಿನಲ್ಲಿ ಮರವನ್ನು ಬೀಳಿಸುವ ಹಾಗಿಲ್ಲ, ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸಬೇಕು. "ಕೊಂಬೆಯನ್ನ ಕಟ್ಟಿ ಇಳಿಸ್ತೀರಾ?" ಅಂತ ಕೇಳಿ. "ಹುಷಾರಾಗಿ ಬೀಳಿಸ್ತೀವಿ" ಅಂದರೆ ಬೇರೆಯವರನ್ನು ನೋಡಿ.

"ಕೂಲಿ ಬೇಡ, ಮರ ನಮಗಿರಲಿ" ಅನ್ನುವ ಒಪ್ಪಂದವನ್ನಂತೂ ಮಾಡಿಕೊಳ್ಳಲೇಬೇಡಿ. ಉದ್ದ ದಿಮ್ಮಿಗೆ ಬೆಲೆ ಜಾಸ್ತಿ, ಹಾಗಾಗಿ ಅವರು ಎಂಟು-ಹತ್ತಡಿಗೆ ಕೊಯ್ಯಲು ನೋಡುತ್ತಾರೆ. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ತೂಕ: ಎರಡಡಿ ದಪ್ಪ, ಮೂರಡಿ ಉದ್ದದ ತುಂಡೇ ಸುಮಾರು 250 ಕಿಲೋ. ಅದು ನಾಲ್ಕಡಿ ಬಿದ್ದು ಹಗ್ಗಕ್ಕೆ ಜಗ್ಗಿದರೆ ಎಳೆತ ಹಲವು ಪಟ್ಟಾಗುತ್ತದೆ, ಕಾಂಡ ಒದರಿ ಮೇಲಿರುವವನನ್ನೇ ಬೀಸುತ್ತದೆ. ದಪ್ಪ ಭಾಗದಲ್ಲಿ ಒಂದೂವರೆ ಅಡಿಗಿಂತ ಉದ್ದ ಬೇಡ. ಕೂಲಿ ಬೇರೆ, ಮರದ ದುಡ್ಡು ಬೇರೆ ಅಂತ ಮೊದಲೇ ಮಾತಾಡಿ.

ಹಿಂದಿನ ದಿನ ಮರದ ಬದಿಯ ಹೆಂಚು ತೆಗೆಸಿ, ಪಕ್ಕದವರ ಗೋಡೆಯ ಫೋಟೋ ತೆಗೆಸಿಡಿ. ಸಂಪು, ಪಿಟ್ಟಿನ ಮುಚ್ಚಳದ ಮೇಲೆ ಏನೂ ಇಳಿಸಕೂಡದು. ಇಳಿಯುವ ಜಾಗದಲ್ಲಿ ಹಳೇ ಟೈರು ಹಾಸಿ. ಬುಡವನ್ನು ಕೊಡಲಿಯ ಹಿಂಬದಿಯಿಂದ ಸುತ್ತಲೂ ಬಡಿಸಿ ನೋಡಿ. ಡೊಳ್ಳು ಸದ್ದು ಬಂದರೆ ಒಳಗೆ ಪೊಳ್ಳು, ಹತ್ತಿಸುವುದು ಬೇಡ, ಕ್ರೇನೇ ಗತಿ. ಹೈಡ್ರಾ (ಓಡಾಡುವ ಸಣ್ಣ ಕ್ರೇನ್) ತರಿಸಿದರೆ ಒಂದು ನೆನಪಿರಲಿ: ಹನ್ನೆರಡು ಟನ್ನಿನದು ಅಂದರೆ ತೋಳು ಪೂರ್ತಿ ಚಾಚಿದಾಗಲೂ ಹನ್ನೆರಡು ಟನ್ ಎತ್ತುತ್ತದೆ ಅಂತಲ್ಲ.

ಕೊಂಬೆಗೆ ಮೊದಲು ಕೆಳಗಿನಿಂದ ಕಾಲುಭಾಗ ಕೊಯ್ದು, ಆಮೇಲೆ ಮೇಲಿನಿಂದ. ಬರೀ ಮೇಲಿನಿಂದ ಕೊಯ್ದರೆ ಸಿಪ್ಪೆ ಸುಲಿದುಕೊಂಡು ಜೋತುಬಿದ್ದು ಕಾಂಡದ ಮೇಲಿರುವವನ ಕಾಲಿಗೇ ಬಡಿಯುತ್ತದೆ. ಇಳಿಸುವ ಹಗ್ಗ ರಾಟೆಯ ಮೂಲಕ ಕೆಳಗೆ ಬಂದು ಬುಡಕ್ಕೆ ಮೂರ್ನಾಲ್ಕು ಸುತ್ತು ಸುತ್ತಿರಬೇಕು; ಆ ಸುತ್ತೇ ಬ್ರೇಕು. ಹಗ್ಗ ನೈಲಾನಿನದೇ ಆಗಲಿ. ಅಗ್ಗದ ಪ್ಲಾಸ್ಟಿಕ್ ಹಗ್ಗ ಉಜ್ಜಿದ ಬಿಸಿಗೇ ಕರಗುತ್ತದೆ. ಹತ್ತಿದವನ ಬೆಲ್ಟಿನ ಹಗ್ಗ ಬೇರೆ, ಇಳಿಸುವ ಹಗ್ಗ ಬೇರೆ.

ಕೆಳಗಿನಿಂದ ಒಬ್ಬರೇ ಕೂಗಿ ಹೇಳಬೇಕು. ನೀವು ವಿಡಿಯೋ ಕಾಲ್‌ನಲ್ಲಿ ಕೂತು "ಈ ಕಡೆ, ಆ ಕಡೆ" ಅನ್ನುವುದಂತೂ ಬೇಡವೇ ಬೇಡ.

ಬುಡ ಪಾಯದ ಪಕ್ಕದಲ್ಲಿದ್ದರೆ ಜೆಸಿಬಿಯಲ್ಲಿ ಕೀಳಿಸಬೇಡಿ. ಬೇರು ಪಾಯದಡಿ ಹೋಗಿದ್ದರೆ ಗೋಡೆಯನ್ನೂ ಎಬ್ಬಿಸಿಕೊಂಡು ಬರುತ್ತದೆ. ನೆಲದಿಂದ ಅರ್ಧ ಅಡಿ ಕೆಳಗೆ ಕೊಯ್ಸಿ ಮಣ್ಣು ಮುಚ್ಚಿಸಿ. ಕೊಳೆತಂತೆ ಅಲ್ಲಿ ಗುಂಡಿ ಬೀಳುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಒಂದೆರಡು ಬುಟ್ಟಿ ಮಣ್ಣು ಹಾಕಿಸಿದರಾಯಿತು.