ಬಲಗಳ ಚಿತ್ರದಲ್ಲಿ ಥೀಟಾ ಎಲ್ಲಿ ಕೂರುತ್ತದೆ?

ಇಳಿಜಾರಿನ ಮೇಲೆ ಒಂದು ಪೆಟ್ಟಿಗೆ ಇದೆ. ಇಳಿಜಾರಿಗೂ ನೆಲಕ್ಕೂ ನಡುವಿನ ಕೋನ ಥೀಟಾ. ಪೆಟ್ಟಿಗೆಯ ತೂಕ ಎಂಜಿ (ದ್ರವ್ಯರಾಶಿ ಗುಣಿಸು ಗುರುತ್ವ ವೇಗೋತ್ಕರ್ಷ), ನೇರ ಕೆಳಕ್ಕೆ. ಇಷ್ಟಾದ ಮೇಲೆ ಪುಸ್ತಕದಲ್ಲಿ ಥಟ್ಟನೆ ಒಂದು ಸಾಲು ಬರುತ್ತದೆ: ಇಳಿಜಾರಿನ ಗುಂಟ ಎಂಜಿ ಸೈನ್ ಥೀಟಾ, ಅದಕ್ಕೆ ಲಂಬವಾಗಿ ಎಂಜಿ ಕಾಸ್ ಥೀಟಾ. ಕೆಳಗಿನ ಮೂಲೆಯಲ್ಲಿದ್ದ ಥೀಟಾ ಪೆಟ್ಟಿಗೆಯ ಹತ್ತಿರ ಹೇಗೆ ಬಂತು? ಪಿಯುಸಿಯ ಎಷ್ಟೋ ಮಕ್ಕಳು ಇಲ್ಲೇ ಬಾಯಿಪಾಠಕ್ಕೆ ಇಳಿಯುತ್ತಾರೆ. ಅದರ ಅಗತ್ಯವೇ ಇಲ್ಲ. ಹೈಸ್ಕೂಲಿನಲ್ಲಿ ಕಲಿತ ರೇಖಾಗಣಿತ ಸಾಕು.

ಮೊದಲು ಚಿತ್ರ

ಸ್ಕೇಲ್ ಹಿಡಿದು ದೊಡ್ಡದಾಗಿ ಬರೆಯಿರಿ. ಅರ್ಧ ಪುಟ ಹೋದರೂ ಚಿಂತೆಯಿಲ್ಲ. ಆದರೆ ಇಳಿಜಾರನ್ನು 45 ಡಿಗ್ರಿಯ ಹತ್ತಿರ ಬರೆಯಲೇಬೇಡಿ. ಅಲ್ಲಿ ಥೀಟಾ ಕೂಡ 45, ಅದರ ಪೂರಕ ಕೋನ ಕೂಡ 45. ಯಾವುದು ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ. 20 ಡಿಗ್ರಿಯಷ್ಟು ಬರೆದರೆ ಒಂದು ಕೋನ ಸಣಕಲು, ಇನ್ನೊಂದು 70 ಡಿಗ್ರಿಯ ದಪ್ಪ ಕೋನ. ಲೆಕ್ಕದಲ್ಲಿ 60 ಡಿಗ್ರಿ ಅಂತ ಕೊಟ್ಟಿದ್ದರೂ ಚಿತ್ರ 20ರದ್ದೇ ಇರಲಿ. ಮೂಲೆಯಲ್ಲಿ ಥೀಟಾ ಅಂತ ಗುರುತು ಹಾಕಿ, ಬೆಲೆಯನ್ನು ಕೊನೆಗೆ ತುಂಬಿದರಾಯಿತು.

ತ್ರಿಭುಜ ಹುಡುಕಿ

ಇಳಿಜಾರಿನ ಕೆಳಗಿನ ಮೂಲೆಗೆ ಅ ಅಂತ ಹೆಸರಿಡಿ. ಪೆಟ್ಟಿಗೆ ಇರುವ ಜಾಗ ಪ. ಪ ಇಂದ ಎಂಜಿಯ ಬಾಣವನ್ನು ನೆಲ ಮುಟ್ಟುವವರೆಗೆ ಉದ್ದ ಎಳೆಯಿರಿ. ಮುಟ್ಟಿದ ಜಾಗ ಮ. ಬಾಣ ತುದಿಯಲ್ಲೇ ನಿಲ್ಲಬೇಕು ಅನ್ನುವ ನಿಯಮವೇನೂ ಇಲ್ಲ. ಗೆರೆಗಳನ್ನು ಉದ್ದ ಮಾಡುವುದರಲ್ಲೇ ಅರ್ಧ ಕೆಲಸ ಇದೆ.

ಈಗ ಅಪಮ ಒಂದು ಲಂಬಕೋನ ತ್ರಿಭುಜ. ಅ ದಲ್ಲಿ ಥೀಟಾ, ಮ ದಲ್ಲಿ 90. ಮೂರೂ ಸೇರಿ 180 ಆಗಬೇಕು, ಅಲ್ವಾ? ಹಾಗಾಗಿ ಪ ದಲ್ಲಿ ಉಳಿಯುವುದು 90 ಕಳೆ ಥೀಟಾ. ಇದು ಇಳಿಜಾರಿಗೂ ಎಂಜಿಗೂ ನಡುವಿನ ಕೋನ.

ಮುಂದೆ, ಪ ದಲ್ಲಿ ಇಳಿಜಾರಿಗೆ ಲಂಬವಾಗಿ ಒಳಕ್ಕೆ ಒಂದು ಚುಕ್ಕಿ ಗೆರೆ ಎಳೆಯಿರಿ. ಇಳಿಜಾರಿನಿಂದ ಈ ಗೆರೆಗೆ 90 ಡಿಗ್ರಿ. ಅದರಲ್ಲಿ 90 ಕಳೆ ಥೀಟಾವನ್ನು ಎಂಜಿಯವರೆಗಿನ ಭಾಗ ಆಗಲೇ ತೆಗೆದುಕೊಂಡಿದೆ. ಉಳಿದದ್ದು ಥೀಟಾ. ಅಂದರೆ ಎಂಜಿಗೂ ಲಂಬ ಗೆರೆಗೂ ನಡುವೆ ಸರಿಯಾಗಿ ಥೀಟಾ ಇದೆ. ಎಂಜಿಯನ್ನು ಕರ್ಣವಾಗಿಟ್ಟು ಲಂಬಕೋನ ತ್ರಿಭುಜ ಬರೆದರೆ, ಆ ಕೋನಕ್ಕೆ ಅಂಟಿಕೊಂಡ ಬಾಹು ಕಾಸ್, ಎದುರಿನ ಬಾಹು ಸೈನ್.

ಇದನ್ನೇ ಒಂದೇ ನೋಟದಲ್ಲಿ ಕಾಣುವ ದಾರಿಯೂ ಇದೆ, ನನಗೆ ತುಂಬ ಇಷ್ಟವಾದದ್ದು ಅದು. ಎಂಜಿ ನೆಲಕ್ಕೆ ಲಂಬ. ಚುಕ್ಕಿ ಗೆರೆ ಇಳಿಜಾರಿಗೆ ಲಂಬ. ತೆರೆದ ಕತ್ತರಿಯನ್ನು ಹಾಗೇ ಹಿಡಿದು ಕಾಲು ಸುತ್ತು ತಿರುಗಿಸಿ. ಅದರ ಬಾಯಿ ಅಗಲವೂ ಆಗುವುದಿಲ್ಲ, ಕಿರಿದೂ ಆಗುವುದಿಲ್ಲ. ಹಾಗೆಯೇ ಎರಡು ಗೆರೆಗಳ ನಡುವೆ ಎಷ್ಟು ಕೋನವೋ, ಅವುಗಳ ಲಂಬಗಳ ನಡುವೆಯೂ ಅಷ್ಟೇ ಕೋನ. ಒಂದು ಎಚ್ಚರ: ಎರಡು ಗೆರೆ ಕೂಡಿದಲ್ಲಿ ಲಘುಕೋನ, ವಿಶಾಲಕೋನ ಎರಡೂ ಇರುತ್ತವೆ. ಲಘುಕೋನವನ್ನು ಲಘುಕೋನಕ್ಕೇ ಹೋಲಿಸಿ.

ತಾಳೆ ನೋಡಿ

ಥೀಟಾ ಸೊನ್ನೆಯಾದರೆ ಅದು ಸಮತಟ್ಟು ನೆಲ. ಪೆಟ್ಟಿಗೆ ಜಾರಬಾರದು. ಸೈನ್ ಸೊನ್ನೆಯ ಬೆಲೆ 0, ಸರಿಹೋಯಿತು. ಥೀಟಾ 90 ಆದರೆ ಅದು ಗೋಡೆ. ಇಡೀ ತೂಕ ಗೋಡೆಯ ಗುಂಟ ಎಳೆಯಬೇಕು. ಸೈನ್ 90ರ ಬೆಲೆ 1. ಸೈನ್ ಜಾಗದಲ್ಲಿ ಕಾಸ್ ಬರೆದಿದ್ದರೆ ಸಮತಟ್ಟು ನೆಲದಲ್ಲೂ ಪೆಟ್ಟಿಗೆ ಓಡಿಬಿಡುತ್ತಿತ್ತು! ಪರೀಕ್ಷೆಯಲ್ಲಿ ಅನುಮಾನ ಬಂದಾಗ ಈ ತಾಳೆ ಕೆಲವೇ ಕ್ಷಣದ ಕೆಲಸ.

ಸಂಖ್ಯೆ ಬೇಕಾದರೆ 2 ಕೆಜಿ ಪೆಟ್ಟಿಗೆ, 30 ಡಿಗ್ರಿ ಇಳಿಜಾರು ತೆಗೆದುಕೊಳ್ಳಿ. ಗುರುತ್ವ ವೇಗೋತ್ಕರ್ಷ 9.8 ಅಂದರೆ ತೂಕ 19.6 ನ್ಯೂಟನ್. ಇಳಿಜಾರಿನ ಗುಂಟ 9.8, ಲಂಬವಾಗಿ ಸುಮಾರು 17 ನ್ಯೂಟನ್.

ದಾರಗಳಿದ್ದರೆ

ಇಲ್ಲಿ ಸಮಾಂತರ ಗೆರೆಗಳು ಸಿಗುತ್ತವೆ. ಲೋಲಕದಲ್ಲಿ ಕೊಕ್ಕೆಯಿಂದ ಕೆಳಕ್ಕೆ ಬರೆದ ಚುಕ್ಕಿ ಗೆರೆ, ಗುಂಡಿನ ಎಂಜಿ ಗೆರೆ ಎರಡೂ ನೇರ ಕೆಳಕ್ಕೇ ಇವೆ. ದಾರ ಅವೆರಡನ್ನೂ ದಾಟುವ ಛೇದಕ. ಕೊಕ್ಕೆಯ ಹತ್ತಿರ ದಾರಕ್ಕೂ ಚುಕ್ಕಿ ಗೆರೆಗೂ ನಡುವಿನ ಕೋನ ಥೀಟಾ. ದಾರವನ್ನು ಗುಂಡಿನ ಆಚೆಗೂ ಎಳೆದರೆ ಅಲ್ಲಿ ಸಿಗುವುದು ಅನುರೂಪ ಕೋನ, ಮತ್ತೆ ಥೀಟಾ. ಛಾವಣಿಗೆ ಕಟ್ಟಿದ ಎರಡು ದಾರದಿಂದ ದೀಪ ತೂಗಿದ್ದರೆ, ಗಂಟಿನ ಮೂಲಕ ಛಾವಣಿಗೆ ಸಮಾಂತರವಾಗಿ ಅಡ್ಡ ಗೆರೆ ಎಳೆಯಿರಿ. ಛಾವಣಿಯ ಹತ್ತಿರದ ಕೋನಗಳು ಪರ್ಯಾಯ ಕೋನಗಳಾಗಿ ಗಂಟಿನ ಹತ್ತಿರ ಬರುತ್ತವೆ.

ಬಾಗಿದ ರಸ್ತೆಯ ತಿರುವು

ತಿರುವಿನಲ್ಲಿ ರಸ್ತೆಯನ್ನು ಒಂದು ಬದಿಗೆ ಎತ್ತರಿಸಿರುತ್ತಾರೆ. ರಸ್ತೆ ಕಾರನ್ನು ಒತ್ತುವ ನಾರ್ಮಲ್ ಬಲ ರಸ್ತೆಗೆ ಲಂಬ. ಹಾಗಾಗಿ ಅದಕ್ಕೂ ನೇರ ಮೇಲಿನ ಗೆರೆಗೂ ನಡುವೆ ಥೀಟಾ. ಇಲ್ಲಿಯವರೆಗೆ ಎಲ್ಲ ಇಳಿಜಾರಿನಂತೆಯೇ. ಆದರೆ ನಾರ್ಮಲ್ ಬಲ ಎಂಜಿ ಕಾಸ್ ಥೀಟಾ ಅಂತ ಬರೆದರೆ ಲೆಕ್ಕ ತಪ್ಪುತ್ತದೆ. ಪೆಟ್ಟಿಗೆ ಇಳಿಜಾರಿನ ಗುಂಟ ಜಾರುತ್ತದೆ, ಅದಕ್ಕೇ ಅಲ್ಲಿ ಎಂಜಿಯನ್ನು ಒಡೆದೆವು. ಕಾರು ಸುತ್ತುವ ವೃತ್ತದ ಕೇಂದ್ರ ಅಡ್ಡಕ್ಕೆ ಇದೆ, ಹಾಗಾಗಿ ಇಲ್ಲಿ ಒಡೆಯಬೇಕಾದದ್ದು ನಾರ್ಮಲ್ ಬಲವನ್ನು. ಘರ್ಷಣೆ ಬಿಟ್ಟು ನೋಡಿದರೆ, ಅದರ ಕಾಸ್ ಭಾಗ ಎಂಜಿಗೆ ಸಮ. ಸೈನ್ ಭಾಗ ಕಾರನ್ನು ತಿರುಗಿಸುತ್ತದೆ. ಕಾರಿನ ತೂಕವನ್ನೆಲ್ಲ ಬರೀ ಕಾಸ್ ಭಾಗವೇ ಹೊರಬೇಕಾದ್ದರಿಂದ ನಾರ್ಮಲ್ ಬಲ ಎಂಜಿಗಿಂತ ಜಾಸ್ತಿಯೇ ಇರಬೇಕು. ಸೈನ್ ಭಾಗವನ್ನು ಕಾಸ್ ಭಾಗದಿಂದ ಭಾಗಿಸಿದರೆ ಟ್ಯಾನ್ ಥೀಟಾ ಸಿಗುತ್ತದೆ: ವೇಗದ ವರ್ಗವನ್ನು ತ್ರಿಜ್ಯ ಮತ್ತು 9.8ರ ಗುಣಲಬ್ಧದಿಂದ ಭಾಗಿಸಿದಷ್ಟು. 100 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸೆಕೆಂಡಿಗೆ 20 ಮೀಟರ್ ವೇಗಕ್ಕೆ ಥೀಟಾ ಸುಮಾರು 22 ಡಿಗ್ರಿ ಬರುತ್ತದೆ.