ಮಗು ಹೇಳದ ಹಲ್ಲುನೋವನ್ನು ತಂದೆತಾಯಿ ಗುರುತಿಸುವ ಬಗೆ

ಪುಟ್ಟ ಮಗುವಿನ ಹಲ್ಲುಗಳು ಹೇಗಿವೆ ಎಂದು ಯಾರಾದರೂ ವಿಚಾರಿಸಿದರೆ, “ಚೆನ್ನಾಗಿವೆ, ನೋವು ಅಂತ ಒಮ್ಮೆಯೂ ಅತ್ತಿಲ್ಲ” ಎಂಬ ಉತ್ತರ ತಂದೆತಾಯಿಯಿಂದ ಸಲೀಸಾಗಿ ಬರುತ್ತದೆ. ಉತ್ತರದಲ್ಲಿ ಸುಳ್ಳಿಲ್ಲ, ಆದರೆ ಅಳತೆಗೋಲು ತಪ್ಪಾಗಿದೆ. ಹುಳುಕು ಹಲ್ಲಿನ ಹೊರಪದರವಾದ ಎನಾಮಲ್ಲನ್ನು ದಾಟಿ ಒಳಗಿನ ನರದ ಸಮೀಪಕ್ಕೆ ಇಳಿಯುವವರೆಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ಸುಲಭ ಚಿಕಿತ್ಸೆಯ ಕಾಲ ಮುಗಿದಿರುತ್ತದೆ. ಆದ್ದರಿಂದ ಮಗು ದೂರು ಹೇಳಲಿ ಎಂದು ಕಾಯದೆ ನೀವೇ ನೋಡಿ ತಿಳಿಯುವುದನ್ನು ರೂಢಿಸಿಕೊಳ್ಳಬೇಕು.

ತಿಂಗಳಿಗೊಮ್ಮೆ, ಬೆಳಕು ಚೆನ್ನಾಗಿ ಬೀಳುವ ಕಡೆ ಕುಳಿತು, ಮಗುವಿನ ತಲೆಯನ್ನು ತೊಡೆಯ ಮೇಲೆ ಇರಿಸಿಕೊಂಡು, ಮೇಲ್ದುಟಿಯನ್ನು ಬೆರಳಿನಿಂದ ಮೆಲ್ಲನೆ ಎತ್ತಿ. ನೋಡಬೇಕಾದದ್ದು ಹಲ್ಲಿನ ತುದಿಯನ್ನಲ್ಲ, ಒಸಡಿಗೆ ತಾಗಿದ ಬುಡವನ್ನು. ಮೆತ್ತನೆಯ ಬಟ್ಟೆಯಿಂದ ಹಲ್ಲನ್ನು ಒರೆಸಿದ ಮೇಲೂ ಅಲ್ಲಿ ಸುಣ್ಣ ಬಳಿದಂತೆ ಹೊಳಪಿಲ್ಲದ ಬಿಳಿ ಗೆರೆ ಉಳಿದಿದ್ದರೆ, ಅದು ಹುಳುಕಿನ ಮೊದಲ ಗುರುತಾಗಿರಬಹುದು. ಕುಡಿದ ಹಾಲಿನ ಕಲೆ ಎಂದುಕೊಂಡು ಅನೇಕರು ಇದನ್ನು ಬಿಟ್ಟುಬಿಡುತ್ತಾರೆ. ಈ ಹಂತದಲ್ಲಿ ಫ್ಲೋರೈಡ್‌ನಿಂದ ಮತ್ತು ಸಿಹಿ ತಿನ್ನುವ ಸಲ ಕಡಿಮೆ ಮಾಡುವುದರಿಂದ ಹಲ್ಲು ಮತ್ತೆ ಗಟ್ಟಿಯಾಗುವ ಅವಕಾಶವಿದೆ. ಗೆರೆ ಕಂದಾಗಿ ಕುಳಿ ಬಿದ್ದ ಮೇಲೆ ಆ ಅವಕಾಶವಿಲ್ಲ. ಮಗು ನಕ್ಕಾಗ ಕಾಣುವ ಕೆಳಗಿನ ಮುಂಭಾಗದ ಹಲ್ಲುಗಳನ್ನು ನೋಡಿ ಸಮಾಧಾನಪಡಬೇಡಿ. ನಾಲಿಗೆ ಮತ್ತು ಜೊಲ್ಲಿನ ಆಸರೆಯಿಂದ ಅವು ಉಳಿದುಕೊಳ್ಳುತ್ತವೆ, ಆದರೆ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುವ ಮಗುವಿನ ಮೇಲಿನ ಹಲ್ಲುಗಳು ಮೊದಲು ಕೆಡುತ್ತವೆ.

ಒಸಡಿನ ಮೇಲೆ ಕಾಣುವ ಚಿಕ್ಕ ಗುಳ್ಳೆಯನ್ನಂತೂ ಎಂದೂ ಹಗುರವಾಗಿ ತೆಗೆದುಕೊಳ್ಳಬೇಡಿ. ಬೇರಿನ ಬಳಿ ಸೇರಿದ ಕೀವು ಆ ಗುಳ್ಳೆಯ ದಾರಿಯಿಂದ ಹೊರಬಂದಾಗ ಒತ್ತಡ ಇಳಿದು ನೋವು ನಿಲ್ಲುತ್ತದೆ, ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ, ಸೋಂಕು ಮಾತ್ರ ಒಳಗೇ ಇರುತ್ತದೆ.

ಮೂರು ವರ್ಷದ ಮಗುವಿಗೆ “ನನಗೆ ಹಲ್ಲು ನೋಯುತ್ತಿದೆ” ಎಂದು ಬಿಡಿಸಿ ಹೇಳುವುದು ಕಷ್ಟ. ಅದರ ನಡವಳಿಕೆಯೇ ಮಾತಾಡುತ್ತದೆ: ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಕೂರುವುದು, ಒಂದೇ ಬದಿಯಲ್ಲಿ ಅಗಿಯುವುದು, ಇಷ್ಟದ ತಣ್ಣನೆಯ ತಿನಿಸನ್ನು ಏಕಾಏಕಿ ಬೇಡವೆನ್ನುವುದು, ರಾತ್ರಿ ಪದೇಪದೇ ಏಳುವುದು, ನಗುವಾಗ ಬಾಯಿ ಮುಚ್ಚಿಕೊಳ್ಳುವುದು. ಇವನ್ನು ನಾವು ಹಟವೆಂದು ಗದರಿಬಿಡುತ್ತೇವೆ ಎನ್ನುವುದು ನನಗೆ ತುಂಬ ನೋವಿನ ಸಂಗತಿ. ಸಂಶೋಧಕರು 2007ರಲ್ಲಿ ಪ್ರಕಟಿಸಿದ ಇಕೋಹಿಸ್ ಎಂಬ 13 ಪ್ರಶ್ನೆಗಳ ಪಟ್ಟಿ ತಂದೆತಾಯಿಯನ್ನು ಇಂಥವನ್ನೇ ಕೇಳುತ್ತದೆ. 9 ಪ್ರಶ್ನೆಗಳು ಮಗುವಿನ ಊಟ, ನಿದ್ದೆ, ಮಾತು, ನಗುವಿನಂಥ ವಿಷಯಗಳಿಗೆ, ಉಳಿದ 4 ಮನೆಯವರ ಚಿಂತೆ, ಅಪರಾಧಿ ಭಾವ, ಕೆಲಸಕ್ಕೆ ಬಂದ ಅಡ್ಡಿ, ಖರ್ಚುಗಳಿಗೆ ಸಂಬಂಧಿಸಿವೆ. ಉತ್ತರಗಳಲ್ಲಿ “ಗೊತ್ತಿಲ್ಲ” ಎಂಬುದಕ್ಕೂ ಜಾಗವಿದೆ. ಮನೆಯಲ್ಲಿ ಊಟ ಮಾಡಿಸುವವರು ಒಬ್ಬರು, ಮಲಗಿಸುವವರು ಇನ್ನೊಬ್ಬರು ಆಗಿದ್ದರೆ ಇಬ್ಬರೂ ಬೇರೆಬೇರೆಯಾಗಿ ಇಂಥ ಪ್ರಶ್ನೆಗಳಿಗೆ ಉತ್ತರಿಸಿಕೊಂಡು ನಂತರ ಹೋಲಿಸಿ ನೋಡಿ. “ಗೊತ್ತಿಲ್ಲ” ಎಂದ ಕಡೆ ಒಂದು ವಾರ ಗಮನವಿಡಿ.

“ಹಾಲುಹಲ್ಲು ತಾನೇ, ಹೇಗೂ ಬೀಳುತ್ತದೆ” ಎಂಬ ಮಾತನ್ನು ಬಿಡಬೇಕು. ಮುಂದಿನ ಹಲ್ಲುಗಳು 6–7 ವರ್ಷಕ್ಕೆ ಬೀಳುವುದು ನಿಜವಾದರೂ ಹಿಂದಿನ ಹಾಲುದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೆ ಇರಬೇಕು. ಅವು ಮೊದಲೇ ಹೋದರೆ ಪಕ್ಕದ ಹಲ್ಲುಗಳು ವಾಲಿ, ಕೆಳಗಿನಿಂದ ಬರುವ ಹಲ್ಲಿಗೆ ಜಾಗವಿಲ್ಲದಂತಾಗಬಹುದು. ಇನ್ನೊಂದು ಮಾತು: ಸುಮಾರು 6ನೇ ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ, ಯಾವ ಹಲ್ಲೂ ಬೀಳದೆಯೇ ಹುಟ್ಟುವ ದವಡೆಹಲ್ಲು ಶಾಶ್ವತವಾದುದು.

ಮೊದಲ ಹಲ್ಲು ಮೂಡಿದಂದಿನಿಂದ ದಿನಕ್ಕೆರಡು ಬಾರಿ ಫ್ಲೋರೈಡ್ ಪೇಸ್ಟಿನಿಂದ ನೀವೇ ಉಜ್ಜಿ. 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ನಂತರ 6ರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಮೊದಲ ಹುಟ್ಟುಹಬ್ಬದೊಳಗೆ ದಂತವೈದ್ಯರನ್ನು ಒಮ್ಮೆ ಕಾಣಿ. ತಡವಾಗಿದ್ದರೂ ಸಂಕೋಚಪಡದೆ, ಬಾಟಲಿಯ ಅಭ್ಯಾಸವನ್ನೂ ಸಿಹಿಯ ಅಭ್ಯಾಸವನ್ನೂ ಮುಚ್ಚಿಡದೆ ಹೇಳಿ, ಏಕೆಂದರೆ ಚಿಕಿತ್ಸೆ ನಿಂತಿರುವುದೇ ಆ ವಿವರಗಳ ಮೇಲೆ. ಮುಖ ಊದಿಕೊಂಡು ಜ್ವರವೂ ಇದ್ದರೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ.